ಜಿನೀವಾದ ವ್ಯಾಜ್ಯ ಕಡತಗಳು: ಅಡಿಕೆ ಬೆಳೆಗಾರನ ಕಣ್ಣಲ್ಲಿ ಒಂದು ವೆಬ್‌ಸೈಟ್

ಪುಕ್ಕಟೆ ಸಿಗುವ ಸೇವೆ ಇದು. ಲಾಗಿನ್ ಬೇಡ, ದುಡ್ಡು ಬೇಡ. ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆ ದೇಶ ದೇಶಗಳ ನಡುವಿನ ವ್ಯಾಪಾರ ವ್ಯಾಜ್ಯಗಳ ಕಡತಗಳನ್ನು 1995ರಿಂದ ಈಚಿನವರೆಗೂ ತನ್ನ ವೆಬ್‌ಸೈಟಿನಲ್ಲಿ ಇಟ್ಟಿದೆ. ಆರುನೂರಕ್ಕೂ ಹೆಚ್ಚು ಕೇಸುಗಳಿವೆ. ತೀರ್ಥಹಳ್ಳಿ ಕಡೆಯ ಅಡಿಕೆ, ಮೆಣಸಿನ ಬೆಳೆಗಾರನಿಗೆ ಇದರ ಗೊಡವೆ ಯಾಕೆ ಅಂತ ಮನೆಯಲ್ಲೇ ಕೇಳುತ್ತಾರೆ. ಮಂಡಿಯಲ್ಲಿ ರಾಶಿ ಇಡಿ ಅನ್ನುವ ದರ್ಜೆಯ ಅಡಿಕೆಯ ರೇಟು ಬಿದ್ದ ದಿನ ಎಲ್ಲರ ಬಾಯಲ್ಲೂ ಹೊರಗಿನ ಅಡಿಕೆಯದ್ದೇ ಮಾತು. ಆ ಮಾಲನ್ನು ತಡೆಯುವ ಕಾನೂನು ಎಷ್ಟು ಗಟ್ಟಿ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

ಬಳಸುವುದು ಸುಲಭ. ಪ್ರತಿ ಕೇಸಿಗೂ ಡಿಎಸ್ ಅಂತ ಶುರುವಾಗುವ ಒಂದು ನಂಬರ್ ಇದೆ. ದೇಶದ ಹೆಸರಿನಿಂದಲೂ ಹುಡುಕಬಹುದು, ಸರಕಿನಿಂದಲೂ ಹುಡುಕಬಹುದು. ದೂರು ಕೊಟ್ಟವರು ಯಾರು, ಯಾರ ಮೇಲೆ, ಕೇಸು ಈಗ ಎಲ್ಲಿಗೆ ಬಂದಿದೆ, ಎಲ್ಲಾ ಒಂದೇ ಪುಟದಲ್ಲಿ ಸಿಗುತ್ತದೆ.

ನಮಗೆ ತೀರಾ ಹತ್ತಿರದ ಕೇಸು ಡಿಎಸ್ 207. ಗೋಧಿ, ಸಕ್ಕರೆ, ಅಡುಗೆ ಎಣ್ಣೆಯ ಬೆಲೆ ಹೊರಗೆ ಇಳಿದಾಗ ಆಮದು ಸುಂಕ ತಾನಾಗಿ ಏರುವ ಪದ್ಧತಿ ಚಿಲಿ ದೇಶದಲ್ಲಿತ್ತು. ಅರ್ಜೆಂಟೀನಾ ದೂರು ಕೊಟ್ಟಿತು. 2002ರಲ್ಲಿ ಚಿಲಿ ಸೋತಿತು. ತೀರ್ಪು ನಿಂತಿರುವುದು ಇದೇ ಸಂಸ್ಥೆಯ ಕೃಷಿ ಒಪ್ಪಂದದ 4ನೇ ವಿಧಿಯ ಒಂದು ಅಡಿಟಿಪ್ಪಣಿಯ ಮೇಲೆ. ಮಾಡಬಾರದ ಕ್ರಮಗಳ ಪಟ್ಟಿ ಅದು. ಅದರಲ್ಲಿ 'ಕನಿಷ್ಠ ಆಮದು ಬೆಲೆ' (ಇದಕ್ಕಿಂತ ಕಡಿಮೆ ಬೆಲೆಯ ಮಾಲು ಒಳಗೆ ಬರಬಾರದು ಅನ್ನುವ ಮಿತಿ) ಅಂತ ಹೆಸರು ಹಿಡಿದೇ ಬರೆದಿದ್ದಾರೆ. ನಮ್ಮ ಅಡಿಕೆಗೆ ಕೇಂದ್ರ ಸರ್ಕಾರ 2023ರಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದೂ ಕನಿಷ್ಠ ಆಮದು ಬೆಲೆಯನ್ನೇ. ಮೆಣಸಿಗೆ 2017ರಿಂದ ಇರುವ 500 ರೂಪಾಯಿಯದ್ದೂ ಅದೇ ಕಥೆ. ನಾವು ನೆಚ್ಚಿಕೊಂಡ ಬೇಲಿಯ ಬುಡ ಎಷ್ಟು ಸಡಿಲ ಅಂತ ಆ ಅಡಿಟಿಪ್ಪಣಿ ಓದಿದರೆ ಗೊತ್ತಾಗುತ್ತದೆ. ಸಭೆಗಳಲ್ಲಿ ಬೆಲೆ ಇನ್ನೂ ಏರಿಸಿ ಅಂತ ಮನವಿ ಕೊಡುವ ನಮ್ಮ ಮುಖಂಡರು ಇದನ್ನು ಓದಲೇಬೇಕು.

ಕಾನೂನು ಕೆಲಸ ಮಾಡಿದ್ದನ್ನು ನೋಡಬೇಕಾದರೆ ಡಿಎಸ್ 267 ತೆಗೆಯಿರಿ. ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಕೊಡುತ್ತಿದ್ದ ಸಬ್ಸಿಡಿ ಮೇಲೆ ಬ್ರೆಜಿಲ್ 2002ರಲ್ಲಿ ದೂರು ಕೊಟ್ಟಿತು. ಮೊದಲ ಹಂತದ ವಿಚಾರಣೆ ನಡೆಸುವ ಪ್ಯಾನೆಲ್ ಮುಂದೆ ಗೆದ್ದಿತು, ಮೇಲ್ಮನವಿಯಲ್ಲೂ ಗೆದ್ದಿತು. ಅಮೆರಿಕ ಸರಿಯಾಗಿ ತಿದ್ದಿಕೊಳ್ಳಲಿಲ್ಲ. ಆಗ ಅಮೆರಿಕದ ಮಾಲಿನ ಮೇಲೆ ಪ್ರತೀಕಾರದ ಸುಂಕ ಹಾಕಲು ಬ್ರೆಜಿಲ್‌ಗೆ ಅನುಮತಿ ಸಿಕ್ಕಿತು. ಸುಂಕ ಸಾಲದಿದ್ದರೆ ಪೇಟೆಂಟ್, ಕಾಪಿರೈಟ್ ಮೇಲೂ ಕೈ ಹಾಕಬಹುದು ಅಂತಾಯಿತು. ಅಲ್ಲಿಗೆ ಅಮೆರಿಕ ಮಾತುಕತೆಗೆ ಬಂತು. 2010ರಲ್ಲಿ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು, 2014ರಲ್ಲಿ ಇನ್ನೂ 30 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡಿತು. ದೊಡ್ಡವರನ್ನೂ ಬಗ್ಗಿಸುವ ಶಕ್ತಿ ಕಾಗದಕ್ಕೆ ಇತ್ತು ಅನ್ನುವುದು ನನಗೆ ನಿಜಕ್ಕೂ ಧೈರ್ಯ ಕೊಟ್ಟ ವಿಷಯ. ಹನ್ನೆರಡು ವರ್ಷ ಹಿಡಿಯಿತು ಅನ್ನುವುದೂ ನಿಜ.

ಈಗ ಆ ಶಕ್ತಿ ಉಡುಗಿದೆ. ಮೇಲ್ಮನವಿ ಪೀಠದಲ್ಲಿ ಏಳು ಜನ ಇರಬೇಕು, ಒಂದು ಕೇಸು ಕೇಳಲು ಮೂವರಾದರೂ ಬೇಕು. ಹೊಸಬರ ನೇಮಕಕ್ಕೆ ಅಮೆರಿಕ ಅಡ್ಡ ನಿಂತಿತು. 2019ರ ಡಿಸೆಂಬರಿನಲ್ಲಿ ಪೀಠದ ಕೆಲಸ ನಿಂತೇ ಹೋಯಿತು. ಸೋತವರು ಅಲ್ಲಿಗೆ ಮೇಲ್ಮನವಿ ಹಾಕಿಬಿಟ್ಟರೆ ಸಾಕು, ತೀರ್ಪು ಜಾರಿಗೆ ಬರುವುದಿಲ್ಲ. ಚೀನಾ ಸರಕಿನ ಮೇಲಿನ ಸುಂಕದ ಕೇಸಿನಲ್ಲಿ 2020ರಲ್ಲಿ ಸೋತ ಅಮೆರಿಕ ಇದನ್ನೇ ಮಾಡಿತು. ನಾವೂ ಮಾಡಿದ್ದೇವೆ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಸೇರಿ ನಮ್ಮ ಸಕ್ಕರೆ, ಕಬ್ಬಿನ ಬೆಲೆ ಮೇಲೆ ಹಾಕಿದ ಕೇಸಿನಲ್ಲಿ 2021ರ ಡಿಸೆಂಬರಿನಲ್ಲಿ ಭಾರತ ಸೋತಿತು, ಅದರ ಬೆನ್ನಿಗೇ ಮೇಲ್ಮನವಿ ಹಾಕಿತು. ಭದ್ರಾವತಿ ಕಡೆ ಕಬ್ಬು ಹಾಕಿರುವ ನೆಂಟರಿಗೆ ಇದರಿಂದ ಸದ್ಯಕ್ಕೆ ನೆಮ್ಮದಿ, ಅಲ್ವಾ? ಆದರೂ ನನಗೆ ಇದು ಸರಿ ಕಾಣುವುದಿಲ್ಲ. ನಾಳೆ ನಾವೇ ದೂರು ಕೊಟ್ಟು ಗೆದ್ದರೂ ಎದುರಿನವರು ಇದೇ ದಾರಿ ಹಿಡಿಯುತ್ತಾರೆ. ಯುರೋಪ್, ಚೀನಾ ಮೊದಲಾದವು 2020ರಲ್ಲಿ ತಮ್ಮಷ್ಟಕ್ಕೆ ಒಂದು ಬದಲಿ ಮೇಲ್ಮನವಿ ವ್ಯವಸ್ಥೆ ಮಾಡಿಕೊಂಡಿವೆ. ನನ್ನ ಮಟ್ಟಿಗೆ ಭಾರತವೂ ಅದಕ್ಕೆ ಸೇರಬೇಕು.

ಕುಂದು ಎರಡು. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಬಿಟ್ಟರೆ ಬೇರೆ ಭಾಷೆ ಇಲ್ಲ. ಇನ್ನೊಂದು, ಇಲ್ಲಿ ದೂರು ಕೊಡುವುದು ಸರ್ಕಾರಗಳು ಮಾತ್ರ, ಬೆಳೆಗಾರರ ಸಂಘ ನೇರವಾಗಿ ಹೋಗುವ ಹಾಗಿಲ್ಲ. ಆಮದು ಮಾಲಿನಿಂದ ಪೆಟ್ಟು ಬಿದ್ದರೆ ಸಂಘದವರು ಅರ್ಜಿ ಹಾಕಬೇಕಾದ್ದು ದೆಹಲಿಯ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯಕ್ಕೆ.

ಮಾಹಿತಿಗೆ ಐದಕ್ಕೆ ಐದು ಕೊಡುತ್ತೇನೆ, ನ್ಯಾಯ ದಕ್ಕುವುದಕ್ಕೆ ಈಗಿನ ಸ್ಥಿತಿಯಲ್ಲಿ ಎರಡು. ವರದಿಗಳು ನೂರಾರು ಪುಟ ಇರುತ್ತವೆ. ಮೊದಲು ಒಂದು ಪುಟದ ಸಾರಾಂಶ ಇಳಿಸಿಕೊಳ್ಳಿ, ಆಮೇಲೆ 207ರ ಮೇಲ್ಮನವಿ ತೀರ್ಪಿಗೆ ಹೋಗಿ.