ಗಾಜಿನ ಬಟ್ಟಲಿನ ಸಕ್ಯುಲೆಂಟ್ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಗಾಜಿನ ಬಟ್ಟಲಲ್ಲಿ ನಾಲ್ಕು ಸಕ್ಯುಲೆಂಟ್ (ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ) ಜೋಡಿಸಿ, ಮೇಲೆ ಬಿಳಿ ಕಲ್ಲು ಹಾಸಿ, ಪಕ್ಕಕ್ಕೆ ಪುಟ್ಟ ಬುದ್ಧನನ್ನು ಕೂರಿಸಿ ಮಾರುತ್ತಾರಲ್ಲ, ದಯವಿಟ್ಟು ಅದನ್ನು ಕೊಳ್ಳಬೇಡಿ. ಗೃಹಪ್ರವೇಶಕ್ಕೆ ಉಡುಗೊರೆ ಅಂತ ಯಾರಿಗೂ ಕೊಡಲೂಬೇಡಿ.

ನಾನು ತಂದಿದ್ದು ಬೆಂಗಳೂರಿನ ಒಂದು ನರ್ಸರಿಯಿಂದ, ಆಗಸ್ಟಿನಲ್ಲಿ. ಎರಡು ಎಚೆವೇರಿಯಾ, ಒಂದು ಹಾವೋರ್ಥಿಯಾ, ಒಂದು ಜೇಡ್. ಬೆಲೆ ಮಾತ್ರ ಕೇಳಬೇಡಿ. "ವಾರಕ್ಕೊಂದ್ಸಲ ನಾಲ್ಕು ಚಮಚ ನೀರು ಹಾಕಿ ಮೇಡಂ, ಏನೂ ಆಗಲ್ಲ" ಅಂದರು. ಅಷ್ಟೇ ಹಾಕುತ್ತಿದ್ದೆ. ಗಣೇಶನ ಹಬ್ಬ ಮುಗಿಯುವ ಹೊತ್ತಿಗೆ ದೊಡ್ಡ ಎಚೆವೇರಿಯಾದ ಕೆಳಗಿನ ಎಲೆಗಳು ಹಳದಿ ತಿರುಗಿದವು. ಸುಟ್ಟ ಗಾಯದ ಬೊಕ್ಕೆಯ ಹಾಗೆ ಒಳಗೆ ನೀರು ತುಂಬಿಕೊಂಡು ಮೆತ್ತಗಾದವು. ಬೆರಳು ತಾಗಿದರೆ ಸಾಕು, ಉದುರುತ್ತಿದ್ದವು. ಉದುರಿದ ಜಾಗದಲ್ಲಿ ಕಾಂಡ ಕಪ್ಪಗಿತ್ತು.

ನರ್ಸರಿಗೆ ಫೋನ್ ಮಾಡಿದರೆ ಒಂದೇ ಮಾತು: "ನೀರು ಜಾಸ್ತಿ ಹಾಕಿದ್ದೀರ."

ಸರಿ, ಬಿಚ್ಚಿಯೇ ನೋಡೋಣ ಅಂತ ಬಟ್ಟಲು ಬೋರಲು ಹಾಕಿದೆ. ಕಲ್ಲೊಂದೂ ಬೀಳಲಿಲ್ಲ. ಗೋಂದು ಹಾಕಿ ಅಂಟಿಸಿದ್ದರು! ಸ್ಕ್ರೂಡ್ರೈವರಿನಿಂದ ಮೀಟಿದಾಗ ಇಡೀ ಪದರ ಒಂದೇ ಹಲಗೆಯಾಗಿ ಎದ್ದು ಬಂತು. ಅದರಡಿ ಇದ್ದದ್ದು ಬರೀ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಹಿಂಡಿದರೆ ನೀರು ತೊಟ್ಟಿಕ್ಕುತ್ತಿತ್ತು. ಒಂದೊಂದು ಗಿಡದ ಬೇರನ್ನೂ ಬಲೆಯಂಥ ಬಟ್ಟೆಯ ಚೀಲದಲ್ಲಿ ಬಿಗಿದಿದ್ದರು. ಸಸಿ ಬೆಳೆಸುವಾಗ ಹಾಕಿದ ಚೀಲ, ತೆಗೆಯುವ ಗೋಜಿಗೇ ಹೋಗಿಲ್ಲ. ತಳದಲ್ಲಿ ಜಲ್ಲಿ, ಜಲ್ಲಿಯ ನಡುವೆ ನಾರುವ ಬೂದು ನೀರು. ಬಟ್ಟಲಿಗೆ ತೂತೇ ಇಲ್ಲ.

"ತಳದಲ್ಲಿ ಜಲ್ಲಿ ಹಾಕಿದ್ದೀವಿ, ನೀರು ಇಳಿದು ಹೋಗುತ್ತೆ" ಅಂತ ಬಹಳ ಜನ ಹೇಳುತ್ತಾರೆ. ಇಳಿದು ಎಲ್ಲಿಗೆ ಹೋಗಬೇಕು? ಅದೂ ಅಲ್ಲದೆ, ಮೇಲಿನ ನುಣ್ಣನೆಯ ಮಿಶ್ರಣ ಪೂರ್ತಿ ತೊಯ್ದು ತುಂಬುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಅಂದರೆ ಜಲ್ಲಿ ಹಾಕಿದಷ್ಟೂ ಒದ್ದೆ ಪದರ ಬೇರಿನ ಹತ್ತಿರಕ್ಕೇ ಬರುತ್ತದೆ. ತೂತಿರುವ ಕುಂಡಕ್ಕೂ ಇದೇ ಮಾತು.

ಕೋಕೋಪೀಟ್ ಹಗುರ, ಸಾಗಿಸುವುದು ಸುಲಭ. ಒಳ್ಳೆ ಬೆಳಕು, ಗಾಳಿ ಇರುವ ಪಾಲಿಹೌಸಿನಲ್ಲಿ (ಪ್ಲಾಸ್ಟಿಕ್ ಹೊದಿಸಿದ ಸಸಿಮನೆ) ಬೇಗ ಆರುತ್ತದೆ. ನಮ್ಮ ನಡುಮನೆಯ ಟೀಪಾಯಿ ಮೇಲೆ, ಮಳೆಗಾಲದಲ್ಲಿ ಆರಲ್ಲ. ಬೇರಿಗೆ ಗಾಳಿ ಸಿಗದೆ ಮೊದಲು ಉಸಿರುಗಟ್ಟುತ್ತದೆ, ಆಮೇಲೆ ಪಿಥಿಯಂ, ಫ್ಯುಸೇರಿಯಂನಂಥ ಕೊಳೆ ತರುವ ರೋಗಾಣುಗಳು ನುಗ್ಗುತ್ತವೆ.

ಇಲ್ಲಿ ಒಂದು ಮೋಸವಿದೆ, ಗಮನಿಸಿ. ನೀರು ಸಾಲದಿದ್ದರೂ ಎಲೆ ಸುಕ್ಕಾಗುತ್ತದೆ, ಬೇರು ಕೊಳೆತರೂ ಸುಕ್ಕಾಗುತ್ತದೆ. ಕೊಳೆತ ಬೇರು ನೀರು ಕುಡಿಯುವುದಾದರೂ ಹೇಗೆ? ಸುಕ್ಕು ಕಂಡ ಕೂಡಲೇ ಚೊಂಬು ಹಿಡಿದು ಓಡಬೇಡಿ. ಊದುಬತ್ತಿ ಉರಿದು ಉಳಿದ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಕಡ್ಡಿ ತಣ್ಣಗೆ, ಒದ್ದೆಯಾಗಿದ್ದರೆ ನೀರು ಬೇಡ. "ವಾರಕ್ಕೊಮ್ಮೆ" ಅನ್ನುವ ಲೆಕ್ಕಕ್ಕೆ ಅರ್ಥವೇ ಇಲ್ಲ. ಏಪ್ರಿಲಿನ ಕಲಬುರಗಿಗೂ ಜುಲೈನ ಮಂಗಳೂರಿಗೂ ಒಂದೇ ಲೆಕ್ಕ ಆಗುತ್ತಾ?

ಕೊಳೆ ಶುರುವಾಗಿದ್ದರೆ ನಾಳೆ ನೋಡೋಣ ಅನ್ನಬೇಡಿ. ಗಿಡ ಕಿತ್ತು ಬೇರು ತೊಳೆಯಿರಿ. ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕಾಂಡವನ್ನು ಕೆಳಗಿನಿಂದ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತಾ ಬನ್ನಿ, ಪ್ರತಿ ಸಲ ಬ್ಲೇಡ್ ಒರೆಸಿ. ಕತ್ತರಿಸಿದ ಮುಖದಲ್ಲಿ ಕಂದು ಚುಕ್ಕೆಯಾಗಲಿ, ಕಂದು ಬಳೆಯಾಗಲಿ ಒಂಚೂರೂ ಕಾಣಬಾರದು. ಕಂಡರೆ ಇನ್ನೂ ಮೇಲಕ್ಕೆ ಕತ್ತರಿಸಿ. ಜೀವ ಹಿಂಡುತ್ತದೆ, ಆದರೂ ಕತ್ತರಿಸಿ. ಅರಿಶಿನ, ದಾಲ್ಚಿನ್ನಿ ಪುಡಿ ಹಚ್ಚುವವರಿದ್ದಾರೆ, ಹಚ್ಚಲಿ. ಆದರೆ ಒಳಗೆ ಕಂದು ಬಿಟ್ಟು ಮೇಲೆ ಅರಿಶಿನ ಬಳಿದರೆ ಗಿಡ ಉಳಿಯಲ್ಲ. ನಾನು ಗೊಬ್ಬರದಂಗಡಿಯಲ್ಲಿ ಸಿಗುವ ಕಾರ್ಬೆಂಡಜಿಮ್ 12%, ಮ್ಯಾಂಕೋಜೆಬ್ 63% ಇರುವ ಶಿಲೀಂಧ್ರನಾಶಕ ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ ಕಲಸಿ, ಅದರಲ್ಲಿ ಅದ್ದಿದೆ. ಕೈಗವಸು ಹಾಕಿಕೊಳ್ಳಿ, ಮಕ್ಕಳಿಂದ ದೂರವಿಡಿ. ಕಾಂಡ ಲೋಳೆಯಾಗಿ ಕೆಟ್ಟ ವಾಸನೆ ಬರುತ್ತಿದ್ದರೆ ಅದು ಬ್ಯಾಕ್ಟೀರಿಯಾದ ಕೊಳೆ ಇರಬಹುದು, ಅದಕ್ಕೆ ಈ ಔಷಧಿ ಹಿಡಿಯಲ್ಲ.

ಆಮೇಲೆ ಕಾಯಬೇಕು. ಕತ್ತರಿಸಿದ ತುಂಡನ್ನು ನೆರಳಲ್ಲಿ, ಗಾಳಿಯಾಡುವ ಕಡೆ ಐದಾರು ದಿನ ಸುಮ್ನೆ ಬಿಡಿ. ಗಾಯ ಒಣಗಿ ಚಕ್ಕೆ ಕಟ್ಟಲಿ. ನಂತರ ಒಣ ಮಿಶ್ರಣದ ಮೇಲೆ ಕೂರಿಸಿ. ಬೇರು ಇಣುಕುವ ತನಕ ನೀರು ಬೇಡ. ಉದುರಿದ ಎಲೆಗಳಲ್ಲಿ ಬುಡ ಗಟ್ಟಿಯಾಗಿ, ಪೂರ್ತಿಯಾಗಿ ಇದ್ದವನ್ನು ಎಸೆಯಬೇಡಿ, ಅವುಗಳಿಂದಲೂ ಮರಿ ಬರುತ್ತದೆ.

ನನ್ನ ಬಟ್ಟಲಿನಲ್ಲಿ ದೊಡ್ಡ ಎಚೆವೇರಿಯಾ ಸತ್ತಿತು. ಕಂದು ಬಳೆ ತುದಿಯವರೆಗೂ ಹೋಗಿತ್ತು. ಚಿಕ್ಕದರ ತಲೆ ಉಳಿಯಿತು. ಜೇಡ್ ಗಟ್ಟಿ ಪಿಂಡ, ಒಂದು ಕೊಂಬೆ ಮುರಿದು ನೆಟ್ಟಿದ್ದು ಈಗ ಚಿಗುರಿದೆ. ಹಾವೋರ್ಥಿಯಾಗೆ ಬೇರೇ ಉಳಿದಿರಲಿಲ್ಲ, ಆದರೆ ಬುಡ ಗಟ್ಟಿಯಿತ್ತು, ಬದುಕಿಕೊಂಡಿತು.

ಈಗ ಎಲ್ಲವೂ ತೂತಿರುವ ಮಣ್ಣಿನ ಕುಂಡದಲ್ಲಿವೆ. ಅರ್ಧಕ್ಕಿಂತ ಜಾಸ್ತಿ ಇಟ್ಟಿಗೆ ಚೂರು ಮತ್ತು ದಪ್ಪ ಮರಳು, ಉಳಿದದ್ದು ಕೆಂಪು ಮಣ್ಣು, ಒಂದು ಹಿಡಿ ಗೊಬ್ಬರ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಕುವುದಾದರೆ ಜರಡಿ ಹಿಡಿದು ತೊಳೆಯಿರಿ, ಇಲ್ಲದಿದ್ದರೆ ಅದರ ದೂಳೇ ಕೆಸರಾಗಿ ಕಟ್ಟಿಕೊಳ್ಳುತ್ತದೆ.

ಅಂಗಡಿಯಲ್ಲೇ ಒಂದು ಕೆಲಸ ಮಾಡಿ. ಮೇಲಿನ ಕಲ್ಲನ್ನು ಉಗುರಿನಿಂದ ಅಲುಗಾಡಿಸಿ. ಕೆಳಗಿನ ಎಲೆ ಸರಿಸಿ ಕಾಂಡ ನೋಡಿ. "ಗಿಡ ತೆಗೆದು ಬೇರು ತೋರಿಸ್ತೀರಾ ಅಣ್ಣಾ?" ಅಂತ ಕೇಳಿ. ತೋರಿಸಲ್ಲ ಅಂದರೆ ಮುಂದಿನ ನರ್ಸರಿಗೆ ಹೋಗಿ. ಮನೆಗೆ ತಂದ ಮೇಲೆ ಕೋಕೋಪೀಟ್ ಪೂರ್ತಿ ಉದುರಿಸಿ, ಬಲೆಚೀಲ ಇದ್ದರೆ ಕತ್ತರಿಯಿಂದ ಬಿಡಿಸಿ, ಹೊಸ ಕುಂಡಕ್ಕೆ ಹಾಕಿ. ಮೊದಲ ನೀರು ನಾಲ್ಕೈದು ದಿನ ಬಿಟ್ಟು.