ಉಪ್ಪುನೀರಿನ ಅಕ್ವೇರಿಯಂ: ಯಾವ ಟೆಸ್ಟ್ ಕಿಟ್ ಕೊಳ್ಳಬೇಕು?

ಹೊಸ ಟ್ಯಾಂಕ್ ಆಗಿದ್ದರೆ, ಅದರಲ್ಲೂ ಬರೀ ಮೀನು ಸಾಕುವುದಾದರೆ, ಎಪಿಐ ಕಂಪನಿಯ ಸಾಲ್ಟ್‌ವಾಟರ್ ಮಾಸ್ಟರ್ ಕಿಟ್ ಸಾಕು. ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ನಾಲ್ಕೂ ಒಂದೇ ಡಬ್ಬಿಯಲ್ಲಿವೆ. ಮೊದಲ ವಾರಗಳಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಸೊನ್ನೆಗೆ ಇಳಿದವೇ ಎಂಬುದು. ಅದಕ್ಕೆ ಇದು ಧಾರಾಳ. ನೈಟ್ರೇಟ್‌ನ ಎರಡನೇ ಬಾಟಲಿಯನ್ನು ಮಾತ್ರ 30 ಸೆಕೆಂಡ್ ಜೋರಾಗಿ ಕುಲುಕಲೇಬೇಕು, ಇಲ್ಲದಿದ್ದರೆ ರೀಡಿಂಗ್ ಕಡಿಮೆ ತೋರಿಸುತ್ತದೆ.

ಹವಳ ಇಟ್ಟರೆ ಲೆಕ್ಕವೇ ಬೇರೆ. ಅವು ಅಸ್ಥಿ ಕಟ್ಟಲು ಕ್ಯಾಲ್ಸಿಯಂ, ಅಲ್ಕಲಿನಿಟಿ (ನೀರಿನಲ್ಲಿರುವ ಬೈಕಾರ್ಬೊನೇಟ್, ಕಾರ್ಬೊನೇಟ್ ಅಂಶ) ಎರಡನ್ನೂ ಬಳಸಿಕೊಳ್ಳುತ್ತವೆ. ಕ್ಯಾಲ್ಸಿಯಂ 400–450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಅಲ್ಕಲಿನಿಟಿ 7–11 ಡಿಕೆಎಚ್ (ಅಲ್ಕಲಿನಿಟಿ ಅಳೆಯುವ ಮಾನ) ನಡುವೆ ನಿಲ್ಲಬೇಕು. ಇಲ್ಲಿ ನನ್ನ ಆಯ್ಕೆ ಸ್ಯಾಲಿಫರ್ಟ್ ಕಂಪನಿಯ ಕಿಟ್‌ಗಳು. ಸಿರಿಂಜ್‌ನಿಂದ ರೀಏಜೆಂಟನ್ನು (ಪರೀಕ್ಷೆಯ ದ್ರಾವಣ) ಹನಿ ಹನಿಯಾಗಿ ಬಿಡುತ್ತಾ ಹೋದರೆ, ಅಲ್ಕಲಿನಿಟಿ ಪರೀಕ್ಷೆಯಲ್ಲಿ ನೀಲಿ-ಹಸಿರು ನೀರು ಕೆಂಪು ಛಾಯೆಗೆ ತಿರುಗುತ್ತದೆ. ಬಣ್ಣ ತಿರುಗಲು ಎಷ್ಟು ದ್ರಾವಣ ಬೇಕಾಯಿತು ಎಂಬುದರಿಂದಲೇ ಲೆಕ್ಕ ಸಿಗುವುದರಿಂದ, ಬಣ್ಣದ ಕಾರ್ಡಿಗೆ ಹೋಲಿಸಿ ಅಂದಾಜು ಮಾಡುವ ತಾಪತ್ರಯ ಇಲ್ಲ.

ಬಣ್ಣ ಗುರುತಿಸುವುದೇ ಕಷ್ಟ ಎನ್ನುವವರಿಗೆ ಹ್ಯಾನ್ನಾ ಚೆಕರ್ ಎಂಬ ಪುಟ್ಟ ಡಿಜಿಟಲ್ ಯಂತ್ರ ಒಳ್ಳೆಯದು, ಅಂಕಿಯನ್ನೇ ತೋರಿಸುತ್ತದೆ. ಫಾಸ್ಫೇಟ್‌ಗಂತೂ ಇದೇ ಸರಿ. ತೀರಾ ಕಡಿಮೆ ಪ್ರಮಾಣದಲ್ಲಿ ನೀಲಿಯ ತಿಳಿ ಛಾಯೆಗಳನ್ನು ಕಣ್ಣಿನಿಂದ ಬೇರ್ಪಡಿಸಲಾಗದು. ಆದರೆ ಒಂದೊಂದು ಅಂಶಕ್ಕೂ ಒಂದೊಂದು ಯಂತ್ರ, ರೀಏಜೆಂಟ್ ಖರ್ಚು ಬೇರೆ. ಗಾಜಿನ ಕುಪ್ಪಿಯ ಮೇಲೆ ಬೆರಳಚ್ಚು ಉಳಿದರೂ ಅಂಕಿ ತಪ್ಪುತ್ತದೆ, ಒರೆಸಿಯೇ ಇಡಿ.

ಟೆಸ್ಟ್ ಸ್ಟ್ರಿಪ್ ಅಗ್ಗ, ಬೇಗ ಆಗುತ್ತದೆ, ಆದರೆ ಹವಳದ ಟ್ಯಾಂಕಿಗೆ ಆ ನಿಖರತೆ ಸಾಲದು. ಆ ದುಡ್ಡನ್ನು ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿಗೆ ಸೇರಿಸಿ. ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ) ಇದೆಯೇ ಎಂದು ಮೊದಲು ನೋಡಿಕೊಂಡು ಆಮೇಲೆ ಉಳಿದ ಪರೀಕ್ಷೆ ಮಾಡಿ.