ಗೊಡಾಕ್ಸ್ ಎಡಿ200 ಪ್ರೊ: ಇಂಡೋರ್ ಸ್ಪೋರ್ಟ್ಸ್‌ಗೆ ತಗೊಳ್ಳೋರು ಎಚ್‌ಎಸ್‌ಎಸ್ ನಂಬ್ಕೊಂಡು ತಗೋಬೇಡಿ

ಗೊಡಾಕ್ಸ್ ಎಡಿ200 ಪ್ರೊ ಅನ್ನೋ ಬ್ಯಾಟರಿ ಫ್ಲ್ಯಾಶ್ ಕೆಲವು ವರ್ಷದಿಂದ ನನ್ನ ಬ್ಯಾಗಲ್ಲಿದೆ, ಮೊದಲು ಒಂದಿತ್ತು, ಈಗ ಎರಡು. ಕಾಲೇಜು ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಮ್ಯಾಟ್ ಕಬಡ್ಡಿ, ಉಳಿದ ದಿನ ಪೋರ್ಟ್ರೇಟು, ಇದು ನನ್ನ ಕೆಲಸ. ಸ್ಪೆಕ್ ನೀವೆಲ್ಲ ನೋಡೇ ಇರ್ತೀರ, ಅದನ್ನ ಬಿಡ್ತೀನಿ. ಬರೆಯೋಕೆ ಕೂತಿದ್ದು ಒಂದು ಸಿಟ್ಟಿಗೆ. ಅಂಗಡಿಗಳಲ್ಲಿ ಇವತ್ತಿಗೂ ಹೊಸ ಹುಡುಗರಿಗೆ "ಎಚ್‌ಎಸ್‌ಎಸ್ ಇದೆ ಸಾರ್, 1/8000ರಲ್ಲಿ ಹೊಡೀಬಹುದು, ಇಂಡೋರ್ ಸ್ಪೋರ್ಟ್ಸ್‌ಗೆ ಹೇಳಿ ಮಾಡ್ಸಿದ್ದು" ಅಂತ ಮಾರ್ತಾರೆ (ಎಚ್‌ಎಸ್‌ಎಸ್ ಅಂದ್ರೆ ಹೈ ಸ್ಪೀಡ್ ಸಿಂಕ್, ಶಟರ್ ತುಂಬ ವೇಗ ಇದ್ದಾಗಲೂ ಫ್ಲ್ಯಾಶ್ ಬಳಸೋ ಸೌಲಭ್ಯ). ನನಗೂ ಇದನ್ನೇ ಹೇಳಿದ್ರು. ಇದು ಸುಳ್ಳು ಮಾತು, ಇದರಿಂದ ಹುಡುಗರ ದುಡ್ಡು ಹಾಳಾಗ್ತಿದೆ.

ಯಾಕೆ ಅಂತ ಹೇಳ್ತೀನಿ. ಕ್ಯಾಮೆರಾದ ಶಟರ್ 1/200 ಅಥವಾ 1/250 ತನಕ ಪೂರ್ತಿ ತೆರ್ಕೊಳ್ಳುತ್ತೆ, ಅದಕ್ಕಿಂತ ವೇಗ ಹೋದ್ರೆ ಒಂದು ಸಣ್ಣ ಸೀಳು ಮಾತ್ರ ಸೆನ್ಸರ್ ಮೇಲೆ ಹಾದು ಹೋಗುತ್ತೆ. ಆ ಸೀಳು ಈ ಕಡೆಯಿಂದ ಆ ಕಡೆಗೆ ಹೋಗೋ ತನಕ ಬೆಳಕು ಇರ್ಬೇಕಲ್ಲ, ಅದಕ್ಕೆ ಎಚ್‌ಎಸ್‌ಎಸ್‌ನಲ್ಲಿ ಫ್ಲ್ಯಾಶ್ ಒಂದೇ ಸಲ ಮಿಂಚೋ ಬದಲು ಪಟಪಟ ಅಂತ ಮಿನುಗ್ತಾ ಇರುತ್ತೆ, ಅದರಲ್ಲಿ ಹೆಚ್ಚಿನ ಬೆಳಕು ಶಟರ್ ಪರದೆಗೆ ಬಡ್ದು ಹಾಳು. ಬ್ಯಾಲ್ಕನಿಯಿಂದ ಹತ್ತು ಹನ್ನೆರಡು ಮೀಟರ್ ದೂರದಲ್ಲಿರೋ ಆಟಗಾರನ ಮುಖ ಮುಟ್ಟೋ ಹೊತ್ತಿಗೆ ಏನೂ ಉಳಿದಿರಲ್ಲ, ಬ್ಯಾಟರಿ ಖಾಲಿ ಆಗುತ್ತೆ, ಫ್ಲ್ಯಾಶ್ ಬಿಸಿ ಆಗುತ್ತೆ ಅಷ್ಟೇ.

ಹಾಲ್ ಒಳಗೆ ಚಲನೆ ನಿಲ್ಲಿಸೋದು ಶಟರ್ ಅಲ್ಲ, ಮಿಂಚು ಎಷ್ಟು ಚಿಕ್ಕದು ಅನ್ನೋದು. ಎಡಿ200 ಪ್ರೊದಲ್ಲಿ ಅದು ಫುಲ್ ಪವರ್‌ಗೆ 1/220 ಸೆಕೆಂಡು, ಕೆಳಗಿನ ಪವರ್‌ಗೆ ಬಂದ್ರೆ 1/13000 ತನಕ ಅಂತ ಕಂಪನಿಯವರೇ ಬರೆದಿದಾರೆ. ಅಂದ್ರೆ ಫುಲ್ ಪವರ್‌ನಲ್ಲಿ ಹೊಡೆದ್ರೆ ಬಾಲು ಬಾಲ ಬಿಡುತ್ತೆ, ಕೈಬೆರಳು ಕರಗಿ ಹೋಗುತ್ತೆ, ಪವರ್ ಇಳಿಸಿದಷ್ಟೂ ಫೋಟೊ ಚೂಪು. ಇದು ಇವರೊಬ್ಬರ ಸಮಾಚಾರ ಅಲ್ಲ, ಈ ಥರದ ಬ್ಯಾಟರಿ ಫ್ಲ್ಯಾಶ್ ಬಹುಪಾಲು ಹಿಂಗೇ. ಅದಕ್ಕೆ ನಾನು 1/8 ಪವರ್ ದಾಟಲ್ಲ. ಶಟರ್ 1/250, ಲೆನ್ಸ್ ತೆರವು ಎಫ್ 4, ಬೆಳಕಿನ ಸೂಕ್ಷ್ಮತೆ ಅಂದ್ರೆ ಐಎಸ್ಒ 800ರಿಂದ 1600 ಒಳಗೆ. ಫ್ಲ್ಯಾಶ್ ಆಫ್ ಮಾಡಿ ಒಂದು ಫ್ರೇಮ್ ತೆಗೀರಿ, ಅದು ಹೆಚ್ಚೂ ಕಮ್ಮಿ ಕಪ್ಪಗೆ ಬರ್ಬೇಕು. ಬರಲಿಲ್ಲ ಅಂದ್ರೆ ಹಾಲ್ ಲೈಟಲ್ಲಿ ಇನ್ನೊಂದು ಮಸುಕು ಕೈ ಜೊತೆಗೆ ಮೂಡಿರುತ್ತೆ. ಕಪ್ಪಗೆ ಬಂದ್ರೆ ಇನ್ನೊಂದು ಲಾಭ, ನಮ್ಮ ಹಾಲ್‌ಗಳ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗಿ ಒಂದು ಫ್ರೇಮ್ ಹಳದಿ ಒಂದು ಫ್ರೇಮ್ ಹಸಿರು ಮಾಡ್ತಿತ್ತಲ್ಲ, ಆ ಕಾಟವೇ ಇಲ್ಲ.

1/8ರಲ್ಲಿ ರೀಸೈಕಲ್, ಅಂದ್ರೆ ಮುಂದಿನ ಮಿಂಚಿಗೆ ಫ್ಲ್ಯಾಶ್ ತಯಾರಾಗೋದು, ಕಣ್ಣು ಮಿಟುಕಿಸೋದ್ರೊಳಗೆ. ಲೇಅಪ್‌ಗೆ (ಬುಟ್ಟಿ ಹತ್ರ ಹಾರಿ ಬಾಲ್ ಹಾಕೋದು) ಹಾರಿದವನು ಕೆಳಗಿಳಿಯೋದ್ರೊಳಗೆ ಮೂರ್ನಾಲ್ಕು ಫ್ರೇಮ್ ಸಿಗುತ್ತೆ, ಎಲ್ಲದ್ರಲ್ಲೂ ಬೆಳಕು ಒಂದೇ ಥರ. ಮುಖದ ಮೇಲಿನ ಬೆವರ ಹನಿ ಗಾಳಿಲಿ ನಿಂತಿರೋದು ಮೊದಲನೇ ಸಲ ಸ್ಕ್ರೀನಲ್ಲಿ ನೋಡಿದಾಗ ಆದ ಖುಷಿ ಇನ್ನೂ ಕಮ್ಮಿ ಆಗಿಲ್ಲ.

ಆದ್ರೆ ಪವರ್ ಇಳಿಸಿದ್ರೆ ಒಂದರಿಂದ ಕೋರ್ಟ್ ತುಂಬಲ್ಲ. ಬೆಳಕು 5 ಮೀಟರಲ್ಲಿ ಇದ್ದದ್ದು 10 ಮೀಟರಿಗೆ ಕಾಲು ಭಾಗ ಆಗಿರುತ್ತೆ, ಹತ್ರದವನು ಬೆಳ್ಳಗೆ, ಬೋರ್ಡ್ ಕೆಳಗಿನವನು ಕತ್ತಲಲ್ಲಿ. ಎರಡು ಬೇಕೇ ಬೇಕು, ಅರ್ಧ ಕೋರ್ಟಿಗೆ, ಎರಡು ಮೂಲೆಯಿಂದ. ಬಜೆಟ್ ಅಲ್ಲೇ ಡಬಲ್, ಮೇಲೆ ಟ್ರಿಗರ್ (ಕ್ಯಾಮೆರಾ ಮೇಲಿಂದ ಫ್ಲ್ಯಾಶ್ ಮಿಂಚಿಸೋ ರಿಮೋಟ್), ಕ್ಲ್ಯಾಂಪ್, ಸ್ಪೇರ್ ಬ್ಯಾಟರಿ. ಸ್ಪೋರ್ಟ್ಸ್‌ಗೆ ಅಂತ ಕೇಳ್ಕೊಂಡು ಬಂದ ಹುಡುಗನಿಗೆ ಈ ಲೆಕ್ಕ ಮೊದಲೇ ಹೇಳ್ಬೇಕು, ಯಾರೂ ಹೇಳಲ್ಲ. ಅದೇ ದುಡ್ಡಿಗೆ ಗೊಡಾಕ್ಸ್‌ನ ದೊಡ್ಡ ಫ್ಲ್ಯಾಶ್ ಎಡಿ600 ಒಂದು ತಗೋತೀನಿ ಅಂತ ಕೆಲವರು ಹೋಗ್ತಾರೆ, ಅದು ಮೂರು ಕೆಜಿ, ಜನ ಕೂತಿರೋ ಕಡೆ ರೇಲಿಂಗ್ ಮೇಲೆ ಅದನ್ನ ನೇತು ಹಾಕೋಕೆ ನನಗೆ ಧೈರ್ಯ ಇಲ್ಲ.

ಮ್ಯಾಚ್ ಹಿಂದಿನ ರಾತ್ರಿ ಊಟಕ್ಕೆ ಮುಂಚೆ ಬ್ಯಾಟರಿ ಚಾರ್ಜಿಗೆ ಹಾಕ್ತೀನಿ, ಪ್ರತಿಯೊಂದರ ಮೇಲೂ ಮಾರ್ಕರಲ್ಲಿ ನಂಬರ್ ಬರ್ದಿದೀನಿ, ಯಾವುದು ಮುದಿಯಾಗ್ತಿದೆ ಅಂತ ಗೊತ್ತಾಗುತ್ತೆ. ಬೆಳಿಗ್ಗೆ ಜನ ಬರೋಕ್ಕೆ ಮುಂಚೆ ಹಾಲಿಗೆ ಹೋಗಿ ಮೊದಲು ರೆಫ್ರಿ ಹತ್ರ, ಕೋಚ್ ಹತ್ರ ಕೇಳ್ತೀನಿ, ಬೇಡ ಅಂದ್ರೆ ಬ್ಯಾಗ್ ಬಿಚ್ಚೋದೇ ಇಲ್ಲ. ಆಮೇಲೆ ರೇಲಿಂಗಿಗೆ ಕ್ಲ್ಯಾಂಪ್, ಬೆಳಕನ್ನ ಮುಂದಕ್ಕೆ ಒಟ್ಟುಗೂಡಿಸೋ ಫ್ರೆನೆಲ್ ಹೆಡ್, ಉಕ್ಕಿನ ವೈರಲ್ಲಿ ಎರಡು ಸುತ್ತು. ಈ ವೈರ್ ಮಾತ್ರ ಯಾರೂ ಬಿಡ್ಬೇಡಿ, ಕೆಳಗೆ ಮಕ್ಕಳು ಕೂತಿರ್ತಾರೆ. ಎಡಗಡೆಯದು ಎ ಗ್ರೂಪು, ಬಲಗಡೆಯದು ಬಿ, ಯಾವತ್ತೂ ಅದೇ ಕ್ರಮ, ಆಟದ ಮಧ್ಯೆ ಟ್ರಿಗರ್ ನೋಡದೆ ಬೆರಳು ಹೋಗ್ಬೇಕು. ಬ್ಯಾಡ್ಮಿಂಟನ್‌ಗೆ ಮಾತ್ರ ಫ್ಲ್ಯಾಶ್ ಬ್ಯಾಗಿಂದ ಹೊರಗೆ ತೆಗೀಲೇಬೇಡಿ, ಆಟಗಾರರು ಶಟಲ್ ನೋಡ್ತಾ ಕತ್ತೆತ್ತಿರ್ತಾರೆ, ಕಣ್ಣಿಗೇ ಹೊಡೆಯುತ್ತೆ. ಕಂಠೀರವ ಒಳಾಂಗಣದಲ್ಲಿ ಪ್ರೊ ಕಬಡ್ಡಿ ನಡೆದಾಗ ಇರೋಂಥ ಟಿವಿ ಲೈಟ್ ಇದ್ರೂ ಇದರ ಅಗತ್ಯ ಇಲ್ಲ.

ಪೋರ್ಟ್ರೇಟಿಗೆ ಬಂದ್ರೆ ಸಿಟ್ಟೆಲ್ಲ ಇಳಿದು ಹೋಗುತ್ತೆ. ಇಲ್ಲಿ ಒಂದೇ ಸಾಕು. ಫ್ರೆನೆಲ್ ತೆಗ್ದು ಬೇರ್ ಬಲ್ಬ್, ಅಂದ್ರೆ ಬಲ್ಬ್ ಹೊರಗೇ ಇರೋ ಹೆಡ್ ಹಾಕಿ (ಗಾಜು ಬರೀ ಬೆರಳಲ್ಲಿ ಮುಟ್ಬೇಡಿ) ದೊಡ್ಡ ಬಿಳಿ ಛತ್ರಿ ಒಳಗೆ ಬಿಟ್ರೆ ಬಟ್ಟೆ ಅಂಚಿನ ತನಕ ಸಮವಾಗಿ ತುಂಬುತ್ತೆ, ಫ್ರೆನೆಲ್ ಆದ್ರೆ ನಡುವೆ ಬಿಳೀ ಮಚ್ಚೆ. ಮ್ಯಾಚ್ ಮುಗಿದ ತಕ್ಷಣ ಹಾಲ್ ಮೂಲೇಲಿ ಛತ್ರಿ ನಿಲ್ಸಿ, ಇನ್ನೂ ಏದುಸಿರು ಬಿಡ್ತಿರೋ ಆಟಗಾರರನ್ನ ಒಬ್ಬೊಬ್ಬರಾಗಿ ಕರೀತೀನಿ. ಕೂದಲು ಹಣೆಗೆ ಅಂಟಿರುತ್ತೆ, ಮೊಣಕೈ ತರಚಿರುತ್ತೆ, ಯಾರೂ ಪೋಸ್ ಕೊಡೋ ಸ್ಥಿತೀಲಿ ಇರಲ್ಲ, ಅದಕ್ಕೇ ಆ ಮುಖಗಳು ಅಷ್ಟು ಚೆನ್ನಾಗಿರುತ್ವೆ. ಟೀಮಿನವರು ಮನೇಲಿ ಫ್ರೇಮ್ ಹಾಕ್ಸೋದು ಈ ಫೋಟೊಗಳನ್ನೇ, ಆಟದ ಫೋಟೊ ಅಲ್ಲ. ಎಚ್‌ಎಸ್‌ಎಸ್‌ಗೂ ನಿಜವಾದ ಕೆಲಸ ಇರೋದು ಪೋರ್ಟ್ರೇಟಲ್ಲೇ, ಮಧ್ಯಾಹ್ನ ಬಿಸಿಲಲ್ಲಿ ಎಫ್ 1.8 ಇಟ್ಟು ಹಿಂದಿನ ಆಕಾಶ ಗಾಢ ಮಾಡ್ಬೇಕಾದ್ರೆ, ಫ್ಲ್ಯಾಶ್ ಮುಖದಿಂದ ಒಂದೂವರೆ ಮೀಟರಲ್ಲಿದ್ರೆ, ಸೊಗಸಾಗಿ ಬರುತ್ತೆ.

ಹಾಗಾಗಿ ಪೋರ್ಟ್ರೇಟ್ ಜಾಸ್ತಿ ಮಾಡೋರು ಒಂದು ತಗೊಳ್ಳಿ, ಕಣ್ಮುಚ್ಚಿ. ಸ್ಪೋರ್ಟ್ಸ್ ಮಾತ್ರ ಅಂದ್ರೆ ಎರಡಕ್ಕೆ ದುಡ್ಡು ಆಗೋ ತನಕ ಕಾಯಿರಿ, ಅಲ್ಲೀವರೆಗೆ ಎಫ್ 1.8ರ 85 ಎಂಎಂ ಲೆನ್ಸ್, ಐಎಸ್ಒ 6400 ಇಟ್ಕೊಂಡು ಹೊಡೀರಿ. ಎರಡನೇದು ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ, ಬಲ್ಬ್ ಗಾಜು ಒಳಗೆ ಕಪ್ಪಾಗಿದ್ಯಾ ನೋಡಿ, ಆಗಿದ್ರೆ ಬೆಲೆ ಇಳಿಸಿ ಕೇಳಿ, ಹೆಡ್ ಬಿಡಿಯಾಗಿ ಸಿಗುತ್ತೆ. ಬ್ಯಾಟರಿ ಮಾತ್ರ ಹೊಸದೇ ಹಾಕ್ಕೊಳ್ಳಿ.